ಅಮಲು ಇಳಿದ ಮೇಲೆ ಉಳಿಯುವುದೇನು? ಭ್ರಮಾಜನಕ ದ್ರವ್ಯಗಳು ಮತ್ತು ಮನಸ್ಸಿನ ದೀರ್ಘಕಾಲೀನ ಬದಲಾವಣೆಗಳು

ಎಲ್‌ಎಸ್‌ಡಿ, ಸೈಲೊಸೈಬಿನ್, ಮೆಸ್ಕಲಿನ್ ಮೊದಲಾದ ಭ್ರಮಾಜನಕ ದ್ರವ್ಯಗಳ ಅಮಲು ಕೆಲವು ಗಂಟೆಗಳದ್ದು. ಆದರೆ ಅಮಲು ಸಂಪೂರ್ಣವಾಗಿ ಇಳಿದ ಮೇಲೂ, ಅವನ್ನು ಸೇವಿಸಿದ ಕೆಲವರ ದೃಷ್ಟಿ, ಭಾವ, ನಂಬಿಕೆ ಅಥವಾ ಸ್ವಭಾವದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುವ ಬದಲಾವಣೆಗಳು ಕಂಡುಬರುತ್ತವೆ. ಇವುಗಳ ಬಗ್ಗೆ ಜನರ ನಡುವೆ ಎರಡು ಕಥೆಗಳು ಚಲಾವಣೆಯಲ್ಲಿವೆ. ಒಮ್ಮೆ ನಾಲಿಗೆಯ ಮೇಲಿಟ್ಟವನು ಆಯುಷ್ಯವಿಡೀ ಹುಚ್ಚನಾಗುತ್ತಾನೆ ಎಂಬುದು ಹಳೆಯ ಕಥೆ. ಒಂದೇ ಬಾರಿಯ ಸೇವನೆಯಿಂದ ಖಿನ್ನತೆ ಕಳೆದು ಬದುಕಿಗೆ ಹೊಸ ಬೆಳಕು ಬರುತ್ತದೆ ಎಂಬುದು ಇತ್ತೀಚಿನ ವರ್ಷಗಳಲ್ಲಿ ಹಬ್ಬಿರುವ ಹೊಸ ಕಥೆ. ಎರಡೂ ಅರ್ಧಸತ್ಯಗಳು. ಯಾರಲ್ಲಿ ಏನು ಉಳಿಯುತ್ತದೆ ಎಂಬುದನ್ನು ದ್ರವ್ಯವೊಂದೇ ನಿರ್ಧರಿಸುವುದಿಲ್ಲ. ಸೇವಿಸಿದ ವ್ಯಕ್ತಿಯ ಕುಟುಂಬದ ರೋಗಚರಿತ್ರೆ, ಆ ಹೊತ್ತಿನ ಮನಃಸ್ಥಿತಿ, ಸುತ್ತಲಿನ ಪರಿಸರ, ಬಳಿಯಲ್ಲಿದ್ದವರು ಯಾರು ಎಂಬುದು, ಇವೆಲ್ಲವೂ ಸೇರಿ ನಿರ್ಧರಿಸುತ್ತವೆ. ಆದುದರಿಂದ ಪ್ರಯೋಗಾಲಯದಿಂದ ಬಂದ ಸುದ್ದಿಯನ್ನು ಪಾರ್ಟಿಯೊಂದರಲ್ಲಿ ಕೈಗೆ ಸಿಗುವ ಕಾಗದದ ಚೂರಿಗೆ ಅನ್ವಯಿಸಿಕೊಳ್ಳುವುದು ಅಪಾಯಕಾರಿ.

ದ್ರವ್ಯಗಳ ಪರಿಚಯ

ಈ ಗುಂಪಿಗೆ ಪಾಶ್ಚಾತ್ಯರು ಬಳಸುವ 'ಸೈಕೆಡೆಲಿಕ್' ಎಂಬ ಪದವನ್ನು ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯ ಹಂಫ್ರಿ ಆಸ್ಮಂಡ್ 1950ರ ದಶಕದ ನಡುಭಾಗದಲ್ಲಿ, ಲೇಖಕ ಆಲ್ಡಸ್ ಹಕ್ಸ್‌ಲಿಯೊಂದಿಗಿನ ಪತ್ರವ್ಯವಹಾರದಲ್ಲಿ ರೂಪಿಸಿದರು. ಮನಸ್ಸನ್ನು ಪ್ರಕಟಪಡಿಸುವುದು ಎಂಬುದು ಗ್ರೀಕ್ ಮೂಲದ ಆ ಪದದ ಅರ್ಥ. ಮೆಕ್ಸಿಕೊ ಮತ್ತು ಅಮೆರಿಕದ ನೈರುತ್ಯ ಭಾಗದ ಪೆಯೋಟೆ ಎಂಬ ಪಾಪಾಸುಕಳ್ಳಿಯಲ್ಲಿ ಮೆಸ್ಕಲಿನ್, ಹಲವು ಜಾತಿಯ ಅಣಬೆಗಳಲ್ಲಿ ಸೈಲೊಸೈಬಿನ್, ಅಮೆಜಾನ್ ಕಾಡಿನ ಅಯಾಹುವಾಸ್ಕಾ ಕಷಾಯದಲ್ಲಿ ಡಿಎಂಟಿ ಇವೆ. ಎಲ್‌ಎಸ್‌ಡಿ ಮಾತ್ರ ಪ್ರಯೋಗಾಲಯದ ಸೃಷ್ಟಿ.

ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ದತ್ತೂರಿ ಅಥವಾ ಮದಗುಣಿಕೆಯನ್ನು ಈ ಗುಂಪಿಗೆ ಸೇರಿಸುವುದು ತಪ್ಪು. ಅದರಲ್ಲಿರುವ ಅಟ್ರೋಪಿನ್, ಸ್ಕೋಪೊಲಮಿನ್‌ಗಳು ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಕೆಲಸವನ್ನು ತಡೆದು ಪ್ರಜ್ಞೆಯನ್ನೇ ಕಲಕುತ್ತವೆ, ಪ್ರಾಣಾಪಾಯವನ್ನೂ ತರುತ್ತವೆ. ಎಲ್‌ಎಸ್‌ಡಿ, ಸೈಲೊಸೈಬಿನ್‌ಗಳು ಮುಖ್ಯವಾಗಿ ಸೆರೊಟೋನಿನ್‌ನ ಒಂದು ನಿರ್ದಿಷ್ಟ ಗ್ರಾಹಕದ ಮೂಲಕ ಕೆಲಸ ಮಾಡುತ್ತವೆ. ಆ ಗ್ರಾಹಕವನ್ನು ಕೆಟಾನ್ಸೆರಿನ್ ಎಂಬ ಔಷಧದಿಂದ ಮೊದಲೇ ಮುಚ್ಚಿಬಿಟ್ಟರೆ ಸೈಲೊಸೈಬಿನ್‌ನ ಭ್ರಮೆಗಳು ಕಾಣಿಸಿಕೊಳ್ಳುವುದಿಲ್ಲವೆಂಬುದನ್ನು ಸ್ವಿಟ್ಜರ್‌ಲೆಂಡ್‌ನ ಫ್ರಾಂಜ್ ಫೊಲೆನ್‌ವೈಡರ್ ಮತ್ತು ಸಂಗಡಿಗರು 1998ರಲ್ಲಿ ಮನುಷ್ಯರಲ್ಲೇ ತೋರಿಸಿದರು.

ಎಲ್‌ಎಸ್‌ಡಿಯ ಅಮಲು ಸಾಮಾನ್ಯವಾಗಿ 8ರಿಂದ 12 ಗಂಟೆ, ಸೈಲೊಸೈಬಿನ್‌ನದು 4ರಿಂದ 6 ಗಂಟೆ. ಎಲ್‌ಎಸ್‌ಡಿ ಬೆನ್ನುಹುರಿಯಲ್ಲಿ ಅಡಗಿ ಕುಳಿತು ವರ್ಷಗಳ ನಂತರ ಹೊರಬರುತ್ತದೆ ಎಂಬ ಮಾತು ಅಮೆರಿಕದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದ್ದು ಇಲ್ಲಿಗೂ ಬಂದಿದೆ. ಅದಕ್ಕೆ ಆಧಾರವಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಮೂರ್ನಾಲ್ಕು ಗಂಟೆಗೊಮ್ಮೆ ಅರ್ಧದಷ್ಟು ಇಳಿಯುತ್ತ ಹೋಗಿ, ಒಂದೆರಡು ದಿನಗಳಲ್ಲಿ ದೇಹದಿಂದ ಬಹುತೇಕ ಹೊರಟುಹೋಗುತ್ತದೆ. ಹಾಗಾದರೆ ಉಳಿಯುವುದು ದ್ರವ್ಯವಲ್ಲ, ಅದು ಮಾಡಿಹೋದ ಕೆಲಸ.

ಬಾಸೆಲ್‌ನ ಮೊದಲ ಪ್ರಯೋಗ

ಸ್ವಿಟ್ಜರ್‌ಲೆಂಡ್‌ನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದ್ದು 1938ರಲ್ಲಿ. ಅದರ ಪರಿಣಾಮ ಬೆಳಕಿಗೆ ಬಂದದ್ದು ಐದು ವರ್ಷಗಳ ಮೇಲೆ. 1943ರ ಏಪ್ರಿಲ್ 16ರಂದು ಆಕಸ್ಮಿಕವಾಗಿ ಅದರ ಅಲ್ಪಾಂಶ ಮೈಗೆ ಸೇರಿತು. ಮೂರು ದಿನಗಳ ಬಳಿಕ ಅವರು ಉದ್ದೇಶಪೂರ್ವಕವಾಗಿ 250 ಮೈಕ್ರೋಗ್ರಾಂ ಸೇವಿಸಿದರು. ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಭಾಗವಾದ ಈ ಪ್ರಮಾಣ ತೀರಾ ಅಲ್ಪವೆಂದು ಅವರು ಭಾವಿಸಿದ್ದರು. ಸಹಾಯಕಿಯ ಜೊತೆ ಸೈಕಲ್ಲಿನಲ್ಲಿ ಮನೆಗೆ ಬರುವಷ್ಟರಲ್ಲಿ ಲೋಕವೇ ಬದಲಾಗಿತ್ತು. ಹಾಲು ತಂದುಕೊಟ್ಟ ನೆರೆಮನೆಯ ಮಹಿಳೆ ಮಾಟಗಾತಿಯಂತೆ ಕಂಡಳು, ತನಗೆ ಹುಚ್ಚು ಹಿಡಿಯಿತೆಂಬ ಭಯ ಆವರಿಸಿತು. ಬಂದು ನೋಡಿದ ವೈದ್ಯರಿಗೆ ಹಿಗ್ಗಿದ ಕಣ್ಣಪಾಪೆಗಳನ್ನು ಬಿಟ್ಟರೆ ಅಸಹಜವಾದುದೇನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ತೋಟಕ್ಕೆ ಬಂದಾಗ ಎಲ್ಲವೂ ಹೊಸದಾಗಿ ಸೃಷ್ಟಿಯಾದಂತೆ ಹೊಳೆಯುತ್ತಿತ್ತೆಂದು ಹಾಫ್‌ಮನ್ ಬರೆದುಕೊಂಡಿದ್ದಾರೆ. ಭೀತಿ ಮತ್ತು ಪ್ರಸನ್ನತೆ ಒಂದೇ ಅನುಭವದ ಎರಡು ತುದಿಗಳಾಗಿ ಬರುವ ಈ ವಿಚಿತ್ರ ಮೊದಲ ದಿನದಿಂದಲೇ ದಾಖಲಾಗಿದೆ. ಹಾಫ್‌ಮನ್ 102 ವರ್ಷ ಬಾಳಿ 2008ರಲ್ಲಿ ನಿಧನರಾದರು. ತಮ್ಮ ಶೋಧವನ್ನು ಅವರೇ 'ನನ್ನ ಸಮಸ್ಯೆಯ ಶಿಶು' ಎಂದು ಕರೆದದ್ದುಂಟು.

ಕಣ್ಣಿನಲ್ಲಿ ಉಳಿಯುವ ಬಿಂಬಗಳು

ದೀರ್ಘಕಾಲೀನ ಬದಲಾವಣೆಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಗುರುತಿಸಬಹುದಾದದ್ದು, ಹಾಗೂ ನಮ್ಮಲ್ಲಿ ಅತ್ಯಂತ ಕಡಿಮೆ ಜನರಿಗೆ ತಿಳಿದಿರುವುದು, ದೃಷ್ಟಿಗೆ ಸಂಬಂಧಿಸಿದ ತೊಂದರೆ. ಚಲಿಸುವ ಕೈಯ ಹಿಂದೆ ಅದೇ ಕೈಯ ಬಿಂಬಗಳ ಸಾಲು ಕಾಣುವುದು, ದೀಪದ ಸುತ್ತ ಪ್ರಭೆ, ಬಿಳಿ ಗೋಡೆಯ ಮೇಲೆ ಹಳೆಯ ಟೀವಿಯ ಪರದೆಯಲ್ಲಿ ಕಾಣುತ್ತಿದ್ದಂತಹ ಸಣ್ಣ ಚುಕ್ಕೆಗಳ ಕುಣಿತ, ನೋಡಿದ ವಸ್ತುವಿನಿಂದ ಕಣ್ಣು ತೆಗೆದ ಮೇಲೂ ಅದರ ಆಕೃತಿ ಉಳಿಯುವುದು, ವಸ್ತುಗಳು ಇದ್ದುದಕ್ಕಿಂತ ದೊಡ್ಡದಾಗಿ ಅಥವಾ ಚಿಕ್ಕದಾಗಿ ತೋರುವುದು, ಇವು ಇದರ ಲಕ್ಷಣಗಳು. ಅಮೆರಿಕದ ಮನೋವೈದ್ಯ ಹೆನ್ರಿ ಅಬ್ರಹಾಂ ಎಲ್‌ಎಸ್‌ಡಿ ಸೇವಿಸಿದ್ದ 123 ಜನರನ್ನು ಪರೀಕ್ಷಿಸಿ 1983ರಲ್ಲಿ ಈ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದರು. ಬೆಳಕಿನಿಂದ ಕತ್ತಲಿಗೆ ಬರುವ ಕ್ಷಣದಲ್ಲಿ ಇವು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆಂಬುದೂ ಅವರ ಗಮನಕ್ಕೆ ಬಂದಿತ್ತು. 1987ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. 1994ರ ಆವೃತ್ತಿಯಿಂದ ಇದನ್ನು ಎಚ್‌ಪಿಪಿಡಿ ಎಂದು ಕರೆಯಲಾಗುತ್ತಿದೆ. ಭ್ರಮಾಜನಕಗಳ ಬಳಿಕ ಉಳಿದುಬರುವ ಗ್ರಹಿಕೆಯ ವಿಕಾರ ಎಂದು ಕನ್ನಡದಲ್ಲಿ ಹೇಳಬಹುದು.

ಇದರಲ್ಲಿ ಎರಡು ಬಗೆ. ಆಗೊಮ್ಮೆ ಈಗೊಮ್ಮೆ ಕ್ಷಣಕಾಲ ಮಿಂಚಿ ಮಾಯವಾಗುವುದು ಒಂದು. ಹಲವರು ಇದನ್ನು ತೊಂದರೆಯೆಂದು ಪರಿಗಣಿಸುವುದೇ ಇಲ್ಲ. ಸದಾಕಾಲ ಇದ್ದು, ಓದು, ವಾಹನ ಚಾಲನೆ, ನಿದ್ದೆ ಎಲ್ಲಕ್ಕೂ ಅಡ್ಡಿಯಾಗುವುದು ಇನ್ನೊಂದು. ಎಷ್ಟು ಜನರಿಗೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಶೇ. 4.2 ಎಂಬ ಅಂಕಿ ಎಲ್ಲೆಡೆ ಉದ್ಧೃತವಾಗುತ್ತದೆ. ಇದು ಬಂದದ್ದು 2011ರಲ್ಲಿ ಪ್ರಕಟವಾದ, ಮಾದಕದ್ರವ್ಯ ಮಾಹಿತಿಯ ಅಂತರಜಾಲ ತಾಣವೊಂದರ ಸುಮಾರು 2,455 ಸಂದರ್ಶಕರ ಸಮೀಕ್ಷೆಯಿಂದ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಅಮಲಿಲ್ಲದಾಗಲೂ ಒಮ್ಮೆಯಾದರೂ ವಿಚಿತ್ರ ದೃಶ್ಯ ಕಂಡಿದ್ದಾಗಿ ಹೇಳಿದರೆ, ಚಿಕಿತ್ಸೆ ಪಡೆಯಬೇಕೆಂದು ಯೋಚಿಸುವಷ್ಟು ಬಾಧೆ ಆಗಿದ್ದು ಶೇ. 4.2 ಜನರಿಗೆ. ತಾವಾಗಿಯೇ ಬಂದು ಉತ್ತರಿಸಿದವರ ಲೆಕ್ಕವಿದು ಎಂಬುದನ್ನು ಅಂಕಿಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಈ ವಿಕಾರಕ್ಕೂ ಚಿತ್ತವಿಕಲತೆಗೂ ಇರುವ ವ್ಯತ್ಯಾಸ ಬಹಳ ಮುಖ್ಯವಾದದ್ದು. ಕಾಣುತ್ತಿರುವುದು ನಿಜವಲ್ಲವೆಂಬ ಅರಿವು ಇಂಥವರಿಗೆ ಪೂರ್ಣವಾಗಿ ಇರುತ್ತದೆ. ಆದರೂ ಭಯದಿಂದ, ನಾಚಿಕೆಯಿಂದ ಅವರು ಮನೆಯವರಿಗೆ ಹೇಳುವುದಿಲ್ಲ. ಕಣ್ಣಿನ ವೈದ್ಯರಲ್ಲಿ ಹೋದರೆ ಕಣ್ಣು ಸರಿಯಾಗಿಯೇ ಇದೆಯೆಂಬ ಉತ್ತರ ಬರುತ್ತದೆ. ದ್ರವ್ಯದ ವಿಷಯ ಹೇಳದೆ ಮನೋವೈದ್ಯರಲ್ಲಿ ಹೋದರೆ, ಕಾಣದ್ದು ಕಾಣುತ್ತದೆ ಎಂಬ ಒಂದೇ ಮಾತಿನಿಂದ ಚಿತ್ತವಿಕಲತೆಯ ಔಷಧ ಆರಂಭವಾಗುವ ಸಾಧ್ಯತೆಯುಂಟು. ಆ ವರ್ಗಕ್ಕೆ ಸೇರಿದ ರಿಸ್ಪೆರಿಡೋನ್‌ನಿಂದ ಎಚ್‌ಪಿಪಿಡಿಯ ಲಕ್ಷಣಗಳು ಕೆಲವರಲ್ಲಿ ಹೆಚ್ಚಾದ ವರದಿಗಳಿವೆ. ಕ್ಲೊನಜೆಪಾಮ್, ಲಾಮೊಟ್ರಿಜಿನ್ ಮೊದಲಾದವುಗಳಿಂದ ಕೆಲವರಿಗೆ ಉಪಶಮನ ದೊರೆತಿದೆಯಾದರೂ ದೊಡ್ಡ ಪ್ರಮಾಣದ ಪರೀಕ್ಷೆಗಳು ನಡೆದಿಲ್ಲ. ಗಾಂಜಾ ಸೇದಿದರೆ ಉಲ್ಬಣಿಸುತ್ತದೆ ಎಂಬುದನ್ನು ಬಹುಪಾಲು ವೈದ್ಯರು ಒಪ್ಪುತ್ತಾರೆ. ಇಂಥದೇ ದೃಶ್ಯಗಳು ಅರೆತಲೆನೋವು, ಅಪಸ್ಮಾರ ಮುಂತಾದ ಕಾರಣಗಳಿಂದ, ಎಂದೂ ಮಾದಕದ್ರವ್ಯ ಮುಟ್ಟದವರಲ್ಲೂ ಬರಬಹುದಾದ್ದರಿಂದ ನರವೈದ್ಯರ ಪರೀಕ್ಷೆ ತಪ್ಪಿಸುವಂತಿಲ್ಲ.

ಚಿತ್ತವಿಕಲತೆಯ ಪ್ರಶ್ನೆ

ಪೋಷಕರು ಮೊದಲು ಕೇಳುವುದು ಇದನ್ನೇ: ಇವು ಹುಚ್ಚು ಹಿಡಿಸುತ್ತವೆಯೇ?

ಅಮೆರಿಕದ ಸಿಡ್ನಿ ಕೋಹೆನ್ 1960ರಲ್ಲಿ ಇದಕ್ಕೆ ಮೊದಲ ಉತ್ತರ ಕೊಟ್ಟರು. ಎಲ್‌ಎಸ್‌ಡಿ ಮತ್ತು ಮೆಸ್ಕಲಿನ್ ಬಳಸುತ್ತಿದ್ದ ಸಂಶೋಧಕರಿಗೆ ಪ್ರಶ್ನಾವಳಿ ಕಳುಹಿಸಿ, ಸುಮಾರು 5,000 ಜನರಿಗೆ 25,000ಕ್ಕೂ ಹೆಚ್ಚು ಬಾರಿ ನೀಡಲಾಗಿದ್ದ ದ್ರವ್ಯಗಳ ಪರಿಣಾಮವನ್ನು ಅವರು ಸಂಗ್ರಹಿಸಿದರು. ಎರಡು ದಿನಕ್ಕೂ ಮೀರಿ ಉಳಿದ ಚಿತ್ತವಿಕಲತೆ ಆರೋಗ್ಯವಂತ ಸ್ವಯಂಸೇವಕರಲ್ಲಿ ಸಾವಿರಕ್ಕೆ 0.8, ಮೊದಲೇ ಮನೋರೋಗಿಗಳಾಗಿದ್ದವರಲ್ಲಿ ಸಾವಿರಕ್ಕೆ 1.8 ಇತ್ತು. ಆ ಸ್ವಯಂಸೇವಕರಲ್ಲಿ ಹೀಗೆ ತೊಂದರೆಗೀಡಾದ ವ್ಯಕ್ತಿ ಸ್ಕಿಜೋಫ್ರೇನಿಯಾ ರೋಗಿಯೊಬ್ಬರ ತದ್ರೂಪಿ ಅವಳಿ. ಅರವತ್ತು ವರ್ಷಗಳ ನಂತರವೂ ಈ ಕ್ಷೇತ್ರದ ಅತಿ ಮುಖ್ಯ ಎಚ್ಚರಿಕೆ ಇದೇ ಆಗಿ ಉಳಿದಿದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ತೀವ್ರ ಬೈಪೋಲಾರ್ ಕಾಯಿಲೆ ಇದ್ದರೆ ಅಂಥವರನ್ನು ಇಂದಿನ ಯಾವುದೇ ಜವಾಬ್ದಾರಿಯುತ ಪ್ರಯೋಗಕ್ಕೆ ಸೇರಿಸಿಕೊಳ್ಳುವುದಿಲ್ಲ. ನಮ್ಮ ಕುಟುಂಬಗಳಲ್ಲಾದರೋ ಅಂಥ ಚರಿತ್ರೆಯನ್ನು ಮುಚ್ಚಿಡುವುದೇ ರೂಢಿ. ಮದುವೆಯ ಮಾತುಕತೆಯಲ್ಲಿ ಮುಚ್ಚಿಟ್ಟದ್ದು ಮನೆಯ ಮಕ್ಕಳಿಗೂ ತಿಳಿಯದೆ ಹೋಗುತ್ತದೆ.

ನಾರ್ವೆಯ ಸಂಶೋಧಕರಾದ ಟೆರಿ ಕ್ರೆಬ್ಸ್ ಮತ್ತು ಪಾಲ್ ಓರ್ಯಾನ್ ಯೊಹಾನ್ಸೆನ್ ಅಮೆರಿಕದ ಮನೆಮನೆ ಸಮೀಕ್ಷೆಯ 1,30,000 ಜನರ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು 22,000 ಜನರು ಜೀವನದಲ್ಲಿ ಒಮ್ಮೆಯಾದರೂ ಭ್ರಮಾಜನಕ ಸೇವಿಸಿದ್ದರು. ಸೇವಿಸಿದ್ದಕ್ಕೂ ಮಾನಸಿಕ ಕಾಯಿಲೆಗೂ ನಂಟು ಕಾಣಲಿಲ್ಲ. ಇದು ಬಹಳ ಸುದ್ದಿಯಾಯಿತು. ಆದರೆ ಮನೆಮನೆ ಸಮೀಕ್ಷೆಯಲ್ಲಿ ಸಿಗುವವರು ಮನೆಯಲ್ಲಿರುವವರು ಮಾತ್ರ. ಆಸ್ಪತ್ರೆಯಲ್ಲಿದ್ದವರು, ತೀರಿಹೋದವರು ಆ ಲೆಕ್ಕಕ್ಕೆ ಬರುವುದಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನ ವಿರುದ್ಧ ದಿಕ್ಕಿನಿಂದ ನೋಡಿತು. 2024ರ ಕೊನೆಯಲ್ಲಿ ಪ್ರಕಟವಾದ ಇದರಲ್ಲಿ 90 ಲಕ್ಷಕ್ಕೂ ಹೆಚ್ಚು ಜನರ ಆಸ್ಪತ್ರೆ ದಾಖಲೆಗಳಿದ್ದವು. ಭ್ರಮಾಜನಕ ಸೇವಿಸಿ ತುರ್ತು ಚಿಕಿತ್ಸಾ ಘಟಕಕ್ಕೆ ಬಂದವರು 5,217. ಅವರಲ್ಲಿ ಮೂರು ವರ್ಷದೊಳಗೆ ಸ್ಕಿಜೋಫ್ರೇನಿಯಾ ವರ್ಗದ ಕಾಯಿಲೆ ಪತ್ತೆಯಾದದ್ದು ಸುಮಾರು ಶೇ. 4 ಜನರಲ್ಲಿ. ಸಾಮಾನ್ಯ ಜನರಲ್ಲಿ ಅದು ಶೇ. 0.15. ವಯಸ್ಸು, ಲಿಂಗಗಳನ್ನು ಸರಿದೂಗಿಸಿದಾಗ ಅಪಾಯ 21 ಪಟ್ಟು. ಇತರ ಮಾದಕವಸ್ತುಗಳ ಬಳಕೆ ಮತ್ತು ಮೊದಲೇ ಇದ್ದ ಮಾನಸಿಕ ತೊಂದರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಸುಮಾರು 3.5 ಪಟ್ಟು. ದ್ರವ್ಯವೇ ರೋಗ ತಂದಿತೆಂದು ಇದು ಸಿದ್ಧಪಡಿಸುವುದಿಲ್ಲ. ರೋಗ ಮೊಳೆಯುತ್ತಿದ್ದವರು ದ್ರವ್ಯದತ್ತ ಹೋಗಿರಲೂಬಹುದು. ಆದರೆ ಸೇವನೆಯ ಬಳಿಕ ಆಸ್ಪತ್ರೆಗೆ ಕರೆತರಬೇಕಾಗಿ ಬಂದ ಹುಡುಗನನ್ನು ಮರುದಿನ ಮನೆಗೆ ಕರೆದೊಯ್ದು ಎಲ್ಲ ಮುಗಿಯಿತೆಂದು ನೆಮ್ಮದಿಯಾಗಿ ಇರುವಂತಿಲ್ಲ, ಮುಂದಿನ ಕೆಲವು ವರ್ಷ ಅವನ ಮೇಲೆ ನಿಗಾ ಇಡಬೇಕೆಂಬುದಂತೂ ಸ್ಪಷ್ಟ. ಎರಡೂ ಅಧ್ಯಯನಗಳು ಒಂದನ್ನೊಂದು ಅಲ್ಲಗಳೆಯುತ್ತವೆ ಎಂದು ತಿಳಿಯಬೇಕಾಗಿಲ್ಲ. ಬಹುಪಾಲು ಜನರಿಗೆ ಏನೂ ಆಗದಿರುವುದು ಮತ್ತು ಕೆಲವರಿಗೆ ಭಾರೀ ಅನಾಹುತವಾಗುವುದು ಏಕಕಾಲಕ್ಕೆ ಸತ್ಯವಾಗಿರಬಲ್ಲದು.

ತಿಳಿಸದೆ ಕುಡಿಸಿದ ಪ್ರಕರಣವೊಂದು ಅಮೆರಿಕದ ಇತಿಹಾಸದಲ್ಲಿ ಕುಖ್ಯಾತವಾಗಿದೆ. 1953ರ ನವೆಂಬರ್ 19ರಂದು, ಸೇನೆಯ ಜೈವಿಕ ಅಸ್ತ್ರ ವಿಭಾಗದ ವಿಜ್ಞಾನಿ ಫ್ರಾಂಕ್ ಓಲ್ಸನ್ ಅವರ ಪಾನೀಯಕ್ಕೆ ಗುಪ್ತಚರ ಸಂಸ್ಥೆ ಸಿಐಎ ತನ್ನ ಗುಪ್ತ ಪ್ರಯೋಗದ ಭಾಗವಾಗಿ ಎಲ್‌ಎಸ್‌ಡಿ ಬೆರೆಸಿತು. ಅಂದಿನಿಂದ ಕಳವಳಗೊಂಡಿದ್ದ ಅವರು ಒಂಬತ್ತು ದಿನಗಳ ಮೇಲೆ ನ್ಯೂಯಾರ್ಕ್‌ನ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತರು. ದ್ರವ್ಯ ಬೆರೆಸಿದ ವಿಷಯ ಕುಟುಂಬಕ್ಕೆ ತಿಳಿದದ್ದು 1975ರಲ್ಲಿ. ಅಧ್ಯಕ್ಷ ಫೋರ್ಡ್ ಕ್ಷಮೆ ಕೋರಿದರು. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ವಿವಾದವನ್ನು ಅವರ ಮಕ್ಕಳು ಬಿಟ್ಟುಕೊಡಲಿಲ್ಲ.

ಶುಭ ಶುಕ್ರವಾರದ ಪ್ರಯೋಗ ಮತ್ತು ಅದರ ಮರುವಿಚಾರಣೆ

ಒಳ್ಳೆಯ ದಿಕ್ಕಿನ ಬದಲಾವಣೆಗಳ ವಿಷಯಕ್ಕೆ ಬಂದರೆ ಮೊದಲು ನೆನಪಾಗುವುದು 1962ರ ಶುಭ ಶುಕ್ರವಾರ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ನಡೆದ ಪ್ರಯೋಗ. ಹಾರ್ವರ್ಡ್‌ನ ವಿದ್ಯಾರ್ಥಿ ವಾಲ್ಟರ್ ಪಾಂಕೆ, ದೈವಶಾಸ್ತ್ರ ಓದುತ್ತಿದ್ದ 20 ಯುವಕರಲ್ಲಿ 10 ಜನರಿಗೆ ಸೈಲೊಸೈಬಿನ್, ಉಳಿದ 10 ಜನರಿಗೆ ನಿಕೋಟಿನಿಕ್ ಆಮ್ಲ ಕೊಟ್ಟು ಪ್ರಾರ್ಥನೆ ಕೇಳಿಸಿದರು. ಸೈಲೊಸೈಬಿನ್ ಪಡೆದವರಲ್ಲಿ ಬಹುತೇಕರು ಗಾಢವಾದ ಆಧ್ಯಾತ್ಮಿಕ ಅನುಭವವನ್ನು ವಿವರಿಸಿದರು.

ರಿಕ್ ಡಾಬ್ಲಿನ್ ಎಂಬ ಸಂಶೋಧಕ ಕಾಲು ಶತಮಾನದ ನಂತರ ಆ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋದರು. ಸೈಲೊಸೈಬಿನ್ ಪಡೆದವರಲ್ಲಿ ಏಳು ಜನ ಮಾತನಾಡಲು ಒಪ್ಪಿದರು. ಅಷ್ಟು ವರ್ಷಗಳ ಬಳಿಕವೂ ಆ ದಿನ ಅವರ ಧಾರ್ಮಿಕ ಬದುಕಿನ ಮುಖ್ಯ ಘಟನೆಯಾಗಿ ಉಳಿದಿತ್ತು. ಹೋಲಿಕೆಯ ಗುಂಪಿನವರಿಗೆ ಆ ದಿನದ ನೆನಪೇ ಮಸುಕಾಗಿತ್ತು. ಆದರೆ 1991ರಲ್ಲಿ ಪ್ರಕಟವಾದ ಡಾಬ್ಲಿನ್ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಂದು ಒಬ್ಬ ವಿದ್ಯಾರ್ಥಿ ಚಾಪೆಲ್‌ನಿಂದ ಹೊರಗೋಡಿಹೋಗಿ, ಅವನನ್ನು ಹಿಡಿದು ತಂದು ಕ್ಲೋರ್‌ಪ್ರೊಮಜೀನ್ ಚುಚ್ಚುಮದ್ದು ಕೊಡಬೇಕಾಗಿ ಬಂದಿತ್ತು. ಪಾಂಕೆಯ ಮೂಲ ಪ್ರಬಂಧ ಇದನ್ನು ಹೇಳಿರಲಿಲ್ಲ. ಉಳಿದವರಲ್ಲೂ ಹಲವರು ಸಾಯುತ್ತಿದ್ದೇನೆ, ಹುಚ್ಚನಾಗುತ್ತಿದ್ದೇನೆ ಎಂಬ ಭಯವನ್ನು ಹಾದುಬಂದಿದ್ದರು.

ಪಾಂಕೆಗೆ ಮಾರ್ಗದರ್ಶಕರಾಗಿದ್ದ ಟಿಮೊಥಿ ಲಿಯರಿ ಇನ್ನೂ ದೊಡ್ಡ ಮಾತನ್ನಾಡಿದ್ದರು. ಮಸಾಚುಸೆಟ್ಸ್‌ನ ಕಾಂಕರ್ಡ್ ಸೆರೆಮನೆಯ ಕೈದಿಗಳಿಗೆ 1961ರಿಂದ ಸೈಲೊಸೈಬಿನ್ ಕೊಟ್ಟು, ಬಿಡುಗಡೆಯಾದವರು ಮತ್ತೆ ಅಪರಾಧಕ್ಕೆ ಇಳಿಯುವುದು ಗಮನಾರ್ಹವಾಗಿ ತಗ್ಗಿತೆಂದು ಅವರು ಸಾರಿದರು. ಡಾಬ್ಲಿನ್ ಈ ಪ್ರಯೋಗದ ದಾಖಲೆಗಳನ್ನೂ ಕೆದಕಿ 1998ರಲ್ಲಿ ಬರೆದರು. ಹೋಲಿಕೆಗೆ ತೆಗೆದುಕೊಂಡ ಕಾಲಾವಧಿಗಳೇ ಬೇರೆ ಬೇರೆಯಾಗಿದ್ದವು. ಸರಿಯಾಗಿ ಲೆಕ್ಕ ಹಾಕಿದಾಗ ಅಂಥ ಇಳಿಕೆಯೇನೂ ಇರಲಿಲ್ಲ. ಡಾಬ್ಲಿನ್ ಈ ದ್ರವ್ಯಗಳ ವಿರೋಧಿಯಲ್ಲ, ಅವುಗಳ ವೈದ್ಯಕೀಯ ಬಳಕೆಗಾಗಿ ದಶಕಗಳಿಂದ ಹೋರಾಡುತ್ತ ಬಂದವರು. ತಮ್ಮ ಪಕ್ಷದ ಕಥೆಯನ್ನೇ ತಾವು ಪರೀಕ್ಷಿಸಿದ್ದಕ್ಕಾಗಿ ಅವರ ಈ ಎರಡು ವರದಿಗಳಿಗೆ ಹೆಚ್ಚಿನ ಬೆಲೆಯಿದೆ.

ಲಿಯರಿಯ ಸಹೋದ್ಯೋಗಿ ರಿಚರ್ಡ್ ಆಲ್ಪರ್ಟ್ ಕೂಡ 1963ರಲ್ಲಿ ಹಾರ್ವರ್ಡ್‌ನಿಂದ ಹೊರಬಿದ್ದರು. 1967ರಲ್ಲಿ ಭಾರತಕ್ಕೆ ಬಂದು ಕುಮಾವೂಂ ಬೆಟ್ಟಗಳ ನೀಮ್ ಕರೋಲಿ ಬಾಬಾರ ಶಿಷ್ಯರಾಗಿ ರಾಮ್ ದಾಸ್ ಎಂಬ ಹೆಸರು ಪಡೆದರು. ಅವರ ಬದುಕು ತಿರುಗಿತೆಂಬುದರಲ್ಲಿ ಸಂಶಯವಿಲ್ಲ. ತಿರುಗಿಸಿದ್ದು ದ್ರವ್ಯವೋ ಗುರುವೋ ಎಂದು ಕೇಳಿದರೆ ಯಾವ ಪ್ರಯೋಗಾಲಯವೂ ಉತ್ತರಿಸಲಾರದು.

ಸ್ವಭಾವ ಬದಲಾಗುತ್ತದೆಯೇ?

ಬಿಗಿಯಾದ ಕಾನೂನುಗಳ ಕಾರಣ ಮೂರು ದಶಕ ಬಹುತೇಕ ನಿಂತಿದ್ದ ಸಂಶೋಧನೆಗೆ ಮರುಜೀವ ಕೊಟ್ಟದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 36 ಆರೋಗ್ಯವಂತರು ಪಾಲ್ಗೊಂಡಿದ್ದರು. 14 ತಿಂಗಳ ಬಳಿಕ ವಿಚಾರಿಸಿದಾಗ ಶೇ. 58 ಜನರು ಆ ಅನುಭವವನ್ನು ತಮ್ಮ ಬದುಕಿನ ಅತ್ಯಂತ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಒಂದೆಂದರು. ಮೊದಲ ಮಗುವಿನ ಜನನ, ತಂದೆತಾಯಿಯ ಮರಣದಂಥ ಘಟನೆಗಳ ಸಾಲಿನಲ್ಲಿ ಅದನ್ನಿಟ್ಟವರುಂಟು. 2011ರಲ್ಲಿ ಅದೇ ಗುಂಪಿನ ಕ್ಯಾಥರಿನ್ ಮ್ಯಾಕ್ಲೀನ್ ಮತ್ತಿತರರು 52 ಜನರ ವ್ಯಕ್ತಿತ್ವ ಪರೀಕ್ಷೆಗಳನ್ನು ಹೋಲಿಸಿ, ಗಾಢ ಆಧ್ಯಾತ್ಮಿಕ ಅನುಭವ ಪಡೆದವರಲ್ಲಿ ಹೊಸದಕ್ಕೆ ಮನಸ್ಸು ತೆರೆದಿಡುವ ಗುಣ ಹೆಚ್ಚಿತೆಂದೂ, ವರ್ಷದ ನಂತರವೂ ಮೊದಲಿಗಿಂತ ಮೇಲೆಯೇ ಇತ್ತೆಂದೂ ತೋರಿಸಿದರು. ವ್ಯಕ್ತಿತ್ವದ ಈ ಅಂಶ ಪ್ರಾಯ ಕಳೆದಂತೆ ಮೆಲ್ಲನೆ ಇಳಿಯುವುದು ಸಾಮಾನ್ಯ. ಒಂದೇ ದಿನದ ಘಟನೆಯಿಂದ ಅದು ಏರಿತೆಂಬುದು ಮನೋವಿಜ್ಞಾನಿಗಳಿಗೆ ಅಚ್ಚರಿಯ ವಿಷಯವಾಗಿತ್ತು.

ಆದರೆ ಆ 36 ಜನರನ್ನು ಹೇಗೆ ಆರಿಸಲಾಗಿತ್ತು ಎಂಬುದನ್ನು ನೋಡಬೇಕು. ಎಲ್ಲರೂ ಪ್ರಾರ್ಥನೆ, ಧ್ಯಾನದಂಥ ಆಚರಣೆಯಲ್ಲಿ ತೊಡಗಿದ್ದವರು, ಹೆಚ್ಚಿನವರು ಉನ್ನತ ಶಿಕ್ಷಣ ಪಡೆದವರು. ಮನೋರೋಗದ ಕೌಟುಂಬಿಕ ಚರಿತ್ರೆಯುಳ್ಳವರನ್ನು ಮೊದಲೇ ಕೈಬಿಡಲಾಗಿತ್ತು. ಸೇವನೆಗೆ ಮುನ್ನ ಗಂಟೆಗಟ್ಟಲೆ ಸಿದ್ಧತೆಯ ಮಾತುಕತೆ, ಅಳತೆ ಮಾಡಿದ ಶುದ್ಧ ದ್ರವ್ಯ, ಕಣ್ಣಿಗೆ ಪಟ್ಟಿ, ಮೆಲುಸಂಗೀತ, ದಿನವಿಡೀ ಪಕ್ಕದಲ್ಲಿ ತರಬೇತಾದ ಸಹಾಯಕರು, ಆಮೇಲೆ ಮತ್ತೆ ಮಾತುಕತೆ. ಇಷ್ಟೆಲ್ಲ ಇದ್ದೂ 36ರಲ್ಲಿ 11 ಜನರು ಒಂದಲ್ಲ ಒಂದು ಹೊತ್ತಿನಲ್ಲಿ ತೀವ್ರ ಭಯವನ್ನು ಅನುಭವಿಸಿದರು.

ಪರಂಪರೆಯ ಚೌಕಟ್ಟೂ ಇದೇ ಕೆಲಸ ಮಾಡುತ್ತದೆಯೆಂದು ತೋರುತ್ತದೆ. ಅಮೆರಿಕದ ಮೂಲನಿವಾಸಿ ನವಾಹೋ ಜನರಲ್ಲಿ, ತಮ್ಮ ಚರ್ಚಿನ ವಿಧಿಯ ಅಂಗವಾಗಿ ನೂರಕ್ಕೂ ಹೆಚ್ಚು ಬಾರಿ ಪೆಯೋಟೆ ಸೇವಿಸಿದ್ದ 61 ಜನರನ್ನು ಪರೀಕ್ಷಿಸಿ ಜಾನ್ ಹಾಲ್ಪರ್ನ್ ಮತ್ತಿತರರು 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬುದ್ಧಿಶಕ್ತಿಯಲ್ಲಾಗಲಿ ಮಾನಸಿಕ ಸ್ವಾಸ್ಥ್ಯದಲ್ಲಾಗಲಿ ಕುಂದು ಕಂಡಿರಲಿಲ್ಲ. ಅಲ್ಲಿ ಹಿರಿಯರು ಕುಳಿತಿರುತ್ತಾರೆ, ಹಾಡು, ಪ್ರಾರ್ಥನೆ, ಬೆಂಕಿ ಇರುತ್ತದೆ, ರಾತ್ರಿಯಿಡೀ ಯಾರೂ ಒಂಟಿಯಲ್ಲ.

ಚೌಕಟ್ಟಿಲ್ಲದೆ ಸೇವಿಸಿದವರ ಚಿತ್ರ ಬೇರೆ. ಅಣಬೆ ಸೇವಿಸಿ ಕೆಟ್ಟ ಅನುಭವ ಪಡೆದ 1,993 ಜನರ ಸಮೀಕ್ಷೆಯನ್ನು ಹಾಪ್‌ಕಿನ್ಸ್‌ನವರೇ 2016ರಲ್ಲಿ ಪ್ರಕಟಿಸಿದರು. ಶೇ. 39 ಜನರು ಅದನ್ನು ಬದುಕಿನ ಅತಿ ಕಠಿಣವಾದ ಐದು ಅನುಭವಗಳಲ್ಲಿ ಒಂದೆಂದರು. ಶೇ. 11 ಜನರು ತಮ್ಮನ್ನೋ ಪರರನ್ನೋ ದೈಹಿಕ ಅಪಾಯಕ್ಕೆ ಒಡ್ಡಿದ್ದರು. ಘಟನೆ ನಡೆದು ವರ್ಷ ಕಳೆದಿದ್ದವರಲ್ಲಿ ಶೇ. 7.6 ಜನರು ಮುಂದೆ ಉಳಿದ ಮಾನಸಿಕ ತೊಂದರೆಗಾಗಿ ಚಿಕಿತ್ಸೆಗೆ ಹೋಗಿದ್ದರು. ಆದರೂ ಅದೇ ಗುಂಪಿನ ಶೇ. 84 ಜನರು ಆ ಅನುಭವದಿಂದ ಪ್ರಯೋಜನವಾಯಿತು ಎಂದರು. ದೀರ್ಘಕಾಲ ತೊಂದರೆ ಅನುಭವಿಸಿದ 608 ಜನರ ಇನ್ನೊಂದು ಸಮೀಕ್ಷೆ 2023ರಲ್ಲಿ ಬಂತು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ತೊಂದರೆ ವರ್ಷ ಮೀರಿ ಉಳಿದಿತ್ತು. ಅವರು ಹೇಳಿಕೊಂಡದ್ದು ಭ್ರಮೆಗಳಿಗಿಂತ ಹೆಚ್ಚಾಗಿ ಆತಂಕ, ಬದುಕಿನ ಅರ್ಥವೇ ಕುಸಿದಂಥ ಭಾವ, ಸುತ್ತಲಿನ ಜಗತ್ತು ನಾಟಕದ ಪರದೆಯಂತೆ ಅವಾಸ್ತವವಾಗಿ ತೋರುವುದು, ಜನರಿಂದ ದೂರವಾದೆನೆಂಬ ಅನಿಸಿಕೆ. ನಂಬಿಕೆಗಳು ಬದಲಾಗುವುದನ್ನು ಹಿಗ್ಗಿನಿಂದ ವರ್ಣಿಸುವ ಲೇಖನಗಳು ಈ ಮುಖವನ್ನು ಮರೆಮಾಚುತ್ತವೆ. ಗೋಡೆ ಬಿದ್ದರೆ ಗಾಳಿಬೆಳಕು ಬರುತ್ತದೆ ನಿಜ. ಮಾಡು ನಿಂತಿದ್ದು ಅದೇ ಗೋಡೆಯ ಮೇಲಾಗಿದ್ದರೆ?

ಮಿದುಳಿನಲ್ಲಿ ಏನಾಗುತ್ತದೆ ಎಂಬುದು ಇನ್ನೂ ಅರ್ಧ ತಿಳಿದ ವಿಷಯ. ಇಲಿಗಳ ನರಕೋಶಗಳಲ್ಲಿ ಹೊಸ ಕವಲುಗಳು ಚಿಗುರುವುದನ್ನು 2018ರ ಅಧ್ಯಯನವೊಂದು, ಒಂದೇ ಬಾರಿ ಸೈಲೊಸೈಬಿನ್ ಪಡೆದ ಇಲಿಗಳಲ್ಲಿ ಅವು ತಿಂಗಳ ನಂತರವೂ ಉಳಿದಿರುವುದನ್ನು 2021ರ ಇನ್ನೊಂದು ಅಧ್ಯಯನ ತೋರಿಸಿತು. ಮನುಷ್ಯರಲ್ಲಿ, 2024ರಲ್ಲಿ ಏಳು ಜನರ ಮಿದುಳನ್ನು ಮತ್ತೆ ಮತ್ತೆ ಚಿತ್ರಿಸಿ ನೋಡಿದಾಗ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಮತ್ತು 'ನಾನು' ಎಂಬ ಭಾವಕ್ಕೆ ಸಂಬಂಧಿಸಿದ ಜಾಲದ ನಡುವಿನ ನಂಟು ಕೆಲವು ವಾರ ಸಡಿಲವಾಗಿರುವುದು ಕಂಡಿತು. ಸಡಿಲವಾದ ಮಿದುಳು ಒಳ್ಳೆಯದನ್ನೂ ಕಲಿಯಬಹುದು, ಭಯವನ್ನೂ ಕಲಿಯಬಹುದು.

ಔಷಧವಾಗಿ ಸೈಲೊಸೈಬಿನ್‌ನ ಫಲಿತಾಂಶ ಪ್ರಚಾರದಷ್ಟು ಉಜ್ವಲವಲ್ಲ, ತಳ್ಳಿಹಾಕುವಂಥದೂ ಅಲ್ಲ. ಇತರ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 233 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 25 ಮಿಲಿಗ್ರಾಂ ಪಡೆದವರ ಪೈಕಿ ಮೂರನೆಯ ವಾರದಲ್ಲಿ ಶೇ. 37 ಜನರು ಸುಧಾರಿಸಿದ್ದರು. 12 ವಾರದವರೆಗೂ ಆ ಸುಧಾರಣೆ ನಿಂತದ್ದು ಸುಮಾರು ಶೇ. 20 ಜನರಲ್ಲಿ. ಆಸ್ಟ್ರೇಲಿಯಾ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರಿಗೆ ಇಂಥ ಖಿನ್ನತೆಗೆ ಇದನ್ನು ಬಳಸಲು ಅವಕಾಶ ನೀಡಿದೆ.

ನಮ್ಮಲ್ಲಿ

ಬೆಂಗಳೂರಿನ ಪೊಲೀಸ್ ಸುದ್ದಿಗಳಲ್ಲಿ ಎಲ್‌ಎಸ್‌ಡಿ ಸ್ಟ್ರಿಪ್, ಪೇಪರ್, ಬ್ಲಾಟ್ ಎಂಬ ಹೆಸರುಗಳು ಈಗ ಹೊಸದಲ್ಲ. ಅಂಚೆಚೀಟಿಗಿಂತ ಚಿಕ್ಕದಾದ ಆ ಕಾಗದದಲ್ಲಿ ಇರುವುದು ಎಲ್‌ಎಸ್‌ಡಿಯೇ ಎಂಬ ಖಾತರಿ ಕೊಳ್ಳುವವನಿಗಿಲ್ಲ, ಮಾರುವವನಿಗೂ ಇಲ್ಲ. ಎನ್‌ಬಿಒಎಂಇ ಎಂಬ ವರ್ಗದ ಕೃತಕ ದ್ರವ್ಯಗಳನ್ನು ಎಲ್‌ಎಸ್‌ಡಿಯೆಂದು ಮಾರಿದ್ದರಿಂದ ಹೊರದೇಶಗಳಲ್ಲಿ ಸಾವುಗಳು ಸಂಭವಿಸಿವೆ. ಮೇಲೆ ಹೇಳಿದ ಪ್ರಯೋಗಗಳ ಒಂದು ಶರತ್ತೂ ಇಲ್ಲಿ ಪೂರೈಸುವುದಿಲ್ಲ. ಜೊತೆಗೆ ಮದ್ಯ, ಗಾಂಜಾ, ನಿದ್ದೆಗೇಡು, ಅಪರಿಚಿತ ಜನ. ಸೇವಿಸುವವರ ವಯಸ್ಸಾದರೋ ಹದಿನೆಂಟರಿಂದ ಇಪ್ಪತ್ತೈದರ ಆಚೀಚೆ, ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ತಲೆಯೆತ್ತುವ ವಯಸ್ಸೂ ಅದೇ.

ಎಲ್‌ಎಸ್‌ಡಿ, ಸೈಲೊಸೈಬಿನ್, ಮೆಸ್ಕಲಿನ್, ಡಿಎಂಟಿ ಎಲ್ಲವೂ 1985ರ ಮಾದಕದ್ರವ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಎಲ್‌ಎಸ್‌ಡಿಯಲ್ಲಿ 0.1 ಗ್ರಾಂಗಿಂತ ಹೆಚ್ಚಾದರೆ ಅದು ವಾಣಿಜ್ಯ ಪ್ರಮಾಣ. ಕನಿಷ್ಠ ಶಿಕ್ಷೆ ಹತ್ತು ವರ್ಷ ಕಠಿಣ ಸೆರೆವಾಸ. ಈ ಭಯದಿಂದಲೇ ಎಷ್ಟೋ ಜನ ವೈದ್ಯರಿಗೆ ನಿಜ ಹೇಳುವುದಿಲ್ಲ. ಆದರೆ ವೈದ್ಯರು ಕೇಳುವುದು ಚಿಕಿತ್ಸೆಗಾಗಿ. ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಯಂಪ್ರೇರಿತರಾಗಿ ಚಿಕಿತ್ಸೆಗೆ ಬರುವ ವ್ಯಸನಿಗಳಿಗೆ ಅದೇ ಕಾಯ್ದೆಯ 64ಎ ಕಲಮು ವಿಚಾರಣೆಯಿಂದ ರಕ್ಷಣೆ ನೀಡುತ್ತದೆ.

ಸೇವಿಸಿ ದಿನಗಳು ಕಳೆದರೂ ನಿದ್ದೆ ಬಾರದಿರುವುದು, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ, ಇಲ್ಲದ ದನಿ ಕೇಳಿಸುವುದು, ತನಗೆ ವಿಶೇಷ ಶಕ್ತಿ ಬಂದಿದೆಯೆಂಬ ಮಾತು, ಸಾಯುವ ಮಾತು, ಇವು ಕಂಡರೆ ಅದೇ ದಿನ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ದೃಷ್ಟಿಯ ತೊಂದರೆ ಮಾತ್ರವಿದ್ದು ಅರಿವು ಸರಿಯಿದ್ದರೆ ತುರ್ತು ಅಷ್ಟಿಲ್ಲ. ಗಾಂಜಾ ಸಹಿತ ಎಲ್ಲವನ್ನೂ ನಿಲ್ಲಿಸಿ ವೈದ್ಯರನ್ನು ಕಾಣಬಹುದು. ಏನನ್ನು, ಯಾವಾಗ, ಎಷ್ಟು ಬಾರಿ ಸೇವಿಸಿದ್ದು, ಜೊತೆಗೆ ಬೇರೇನಿತ್ತು, ಖಿನ್ನತೆಗೆ ಯಾವ ಮಾತ್ರೆ ನಡೆಯುತ್ತಿದೆ, ಮನೆಯಲ್ಲಿ ಯಾರಿಗೆ ಯಾವ ಮನೋರೋಗವಿತ್ತು ಎಂಬ ವಿವರಗಳನ್ನು ಬರೆದುಕೊಂಡು ಹೋಗುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.